ಶೌಚದಲ್ಲಿ ಉರಿ, ರಕ್ತದ ಹನಿ: ಮನೆಯಲ್ಲಿ ಏನು ಮಾಡಬಹುದು?

ಬಹುಶಃ ಮಲ ಗಟ್ಟಿಯಾಗಿ ನೀವು ತಿಣುಕುತ್ತಿರುವುದೇ ಕಾರಣ. ಎರಡು ವಾರದಿಂದ ಉರಿ, ಕೊನೆಗೆ ಒಂದೆರಡು ಹನಿ ಕೆಂಪು ರಕ್ತ, ದಿನವಿಡೀ ಕೂತು ಕೆಲಸ ಅಂದಿದ್ದೀರಿ, ನನಗೂ ಹೀಗೇ ಶುರುವಾಗಿತ್ತು.

ಮೊದಲು ಉರಿ ಇಳಿಸಿ. ಅಗಲವಾದ ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ 10-15 ನಿಮಿಷ ಕೂರಿ, ದಿನಕ್ಕೆ ಎರಡು ಮೂರು ಸಲ, ಅದರಲ್ಲೂ ಶೌಚ ಮುಗಿಸಿದ ಮೇಲೆ. ಬರೀ ನೀರು ಸಾಕು, ಏನೂ ಬೆರೆಸಬೇಡಿ.

ಮಲ ಮೆತ್ತಗಾಗಲು ರಾತ್ರಿ ಒಂದು ಚಮಚ ಇಸಬ್ಗೋಲನ್ನು (ನಾರಿನಂಶದ ಹೊಟ್ಟು) ದೊಡ್ಡ ಲೋಟ ನೀರಲ್ಲಿ ಕಲಸಿ ತಕ್ಷಣ ಕುಡಿಯಿರಿ. ನೀರು ಕಡಿಮೆಯಾದರೆ ಮಲಬದ್ಧತೆ ಇನ್ನೂ ಜಾಸ್ತಿ ಆಗುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. ಸೊಪ್ಪು, ಮುದ್ದೆ, ಕಾಳು, ಪರಂಗಿ ಹಣ್ಣು ನಿಧಾನವಾಗಿ ಹೆಚ್ಚಿಸಿ, ಒಮ್ಮೆಲೇ ತಿಂದರೆ ಹೊಟ್ಟೆ ಉಬ್ಬುತ್ತದೆ.

ಟಾಯ್ಲೆಟ್ಟಿಗೆ ಮೊಬೈಲ್ ಬೇಡ. ಬಂದಾಗ ತಡೆದುಕೊಳ್ಳಬೇಡಿ, ಐದು ನಿಮಿಷದಲ್ಲಿ ಆಗದಿದ್ದರೆ ಸುಮ್ನೆ ಎದ್ದು ಬನ್ನಿ. ಕಮೋಡ್ ಆದರೆ ಕಾಲ ಕೆಳಗೆ ಸಣ್ಣ ಸ್ಟೂಲ್ ಇಡಿ.

ಆದರೆ ರಕ್ತ ಬಂದಿದೆ ಅಲ್ವಾ, ಅದು ಪೈಲ್ಸೋ (ಮೂಲವ್ಯಾಧಿ), ಗುದದ್ವಾರದ ಬಿರುಕೋ, ಬೇರೇನೋ ಅಂತ ಪರೀಕ್ಷೆ ಮಾಡದೆ ಹೇಳಲು ಆಗುವುದಿಲ್ಲ. ನಾಚಿಕೆ ಪಡದೆ ಈ ವಾರದಲ್ಲೇ ಡಾಕ್ಟರಿಗೆ ತೋರಿಸಿ. ಮಲ ಕಪ್ಪಗಾದರೆ, ರಕ್ತ ಜಾಸ್ತಿಯಾದರೆ, ತಲೆಸುತ್ತು ಬಂದರೆ ಅವತ್ತೇ ಹೋಗಿ.