ಸೈನಿಕರ ಥರದ ರೈಫಲ್‌ಗೆ ನಮಗೂ ಲೈಸೆನ್ಸ್ ಸಿಗುತ್ತಾ?

ಪ್ರಶ್ನೆ: ನಮ್ಮ ಕಾಫಿ ತೋಟಕ್ಕೆ ಹಂದಿ ಕಾಟ ಜಾಸ್ತಿ. ಮನೆಯಲ್ಲಿ ಅಪ್ಪನ ಕಾಲದ ಜೋಡಿ ನಳಿಗೆ ಕೋವಿ ಇದೆ, ಲೈಸೆನ್ಸೂ ಇದೆ. ಅಮೆರಿಕದಲ್ಲಿ ಜನ ಮಿಲಿಟರಿಯವರ ಥರದ ರೈಫಲ್ ಹಿಡಿದು ಹಂದಿ ಹೊಡೆಯುವ ವಿಡಿಯೋ ನೋಡಿದೆ. ದುಡ್ಡು ಕೊಟ್ಟರೆ ನಮ್ಮಲ್ಲೂ ಅಂಥದ್ದು ಸಿಗುತ್ತಾ?
— ಓದುಗರು, ಮೂಡಿಗೆರೆ

ಸಿಗೋದಿಲ್ಲ. ದುಡ್ಡಿನ ಪ್ರಶ್ನೆಯೇ ಅಲ್ಲ. ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿದರೂ ಅವರ ಕೈಯಲ್ಲಿಲ್ಲ, ಯಾಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇವು 'ನಿಷೇಧಿತ' ಗುಂಪಿಗೆ ಬರುತ್ತವೆ. ಅದಕ್ಕೆ ಅನುಮತಿ ಕೊಡುವುದಿದ್ದರೆ ಕೇಂದ್ರ ಗೃಹ ಇಲಾಖೆಯೇ ಕೊಡಬೇಕು.

ನಮ್ಮ ಕಾನೂನು ಮುಖ್ಯವಾಗಿ ಎರಡು ಕಡೆಯಿಂದ ನೋಡುತ್ತದೆ. ಮೊದಲನೆಯದು, ಟ್ರಿಗರ್ ಒತ್ತಿದರೆ ಏನಾಗುತ್ತದೆ? ಒತ್ತಿ ಹಿಡಿದಷ್ಟು ಹೊತ್ತೂ, ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಖಾಲಿಯಾಗುವವರೆಗೂ ಗುಂಡು ಹಾರುತ್ತಲೇ ಇದ್ದರೆ ಅದು ಆಟೊಮ್ಯಾಟಿಕ್, ಅಲ್ಲಿಗೆ ಮಾತು ಮುಗಿಯಿತು. ಒಂದು ಒತ್ತಿಗೆ ಒಂದೇ ಗುಂಡು ಹಾರಿ, ಮುಂದಿನ ತೋಟಾ ತಾನಾಗಿಯೇ ಬಂದು ಕೂರುವ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳೂ ನಿಷೇಧಿತ ಪಟ್ಟಿಯಲ್ಲೇ ಇವೆ. ತಮಾಷೆ ನೋಡಿ, ಅದೇ ಥರ ಕೆಲಸ ಮಾಡುವ .32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ, ಇಂಚಿನಲ್ಲಿ) ಪಿಸ್ತೂಲಿಗೆ ಲೈಸೆನ್ಸ್ ಸಿಗುತ್ತದೆ, ರೈಫಲ್‌ಗೆ ಇಲ್ಲ.

ಎರಡನೆಯದು, ಯಾವ ತೋಟಾ ಹಿಡಿಯುತ್ತದೆ ಅನ್ನೋದು. ಸೇನೆ, ಪೊಲೀಸರು ಬಳಸಿದ .303 ಮತ್ತು 7.62 ಮಿ.ಮೀ. ತೋಟಾ ಹಾಕಬಹುದಾದ ರೈಫಲ್ ಆದರೆ, ಅದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ಹಳೇ ಮಾದರಿಯಾಗಿದ್ದರೂ ನಿಷೇಧಿತವೇ. ಸರ್ಕಾರಿ ಗೋದಾಮಿನಿಂದ ಜಾರಿದ ತೋಟಾ ಖಾಸಗಿ ಕೋವಿಗೆ ಹೊಂದಬಾರದು ಅನ್ನೋದು ಇದರ ಹಿಂದಿನ ಲೆಕ್ಕ. ಅದಕ್ಕೇ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಕಡೆ ಮಾರಾಟವಾಗುವ ರೈಫಲ್ .315 ಬೋರಿನದು. ನೋಡಲು ಹಳೇ .303ರ ತಮ್ಮನ ಹಾಗೇ ಇರುತ್ತದೆ, ಮರದ ಹಿಡಿ, ಪಕ್ಕದಲ್ಲಿ ಬೋಲ್ಟಿನ ಗುಬುಟು. ಒಂದು ಈಡು ಹೊಡೆದ ಮೇಲೆ ಗುಬುಟು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೆ ಕೂರಿಸಬೇಕು. ಅಷ್ಟರಲ್ಲಿ ನಿಮ್ಮ ಹಂದಿ ಪಕ್ಕದ ತೋಟದಲ್ಲಿರುತ್ತದೆ, ಅದು ಬೇರೆ ಮಾತು.

ಇನ್ನೊಂದು ವಿಷಯ. ಕೋವಿ ಲೈಸೆನ್ಸ್ ಬೇರೆ, ಹಂದಿ ಹೊಡೆಯುವ ಅನುಮತಿ ಬೇರೆ. ಎರಡನೆಯದನ್ನು ಅರಣ್ಯ ಇಲಾಖೆಯಿಂದ ಪಡೆಯಬೇಕು. ಇದನ್ನು ಮರೆತು ಕೇಸು ಹಾಕಿಸಿಕೊಂಡವರು ಮಲೆನಾಡಿನಲ್ಲಿ ಬೇಕಾದಷ್ಟಿದ್ದಾರೆ.

ಪ್ರಶ್ನೆ: ನಟ ಸಂಜಯ್ ದತ್ ಯಾರಿಗೂ ಗುಂಡು ಹೊಡೆದಿರಲಿಲ್ಲ. ಸುಮ್ನೆ ಮನೆಯಲ್ಲಿ ಬಂದೂಕು ಇಟ್ಟುಕೊಂಡಿದ್ದಕ್ಕೆ ಅಷ್ಟು ವರ್ಷ ಜೈಲಾ?
— ಓದುಗರು, ಬೆಂಗಳೂರು

ಹೌದು, ಇಟ್ಟುಕೊಂಡಿದ್ದಕ್ಕೇ. ಒಂದು ಎಕೆ-56 ರೈಫಲ್, ಒಂದು 9 ಮಿ.ಮೀ. ಪಿಸ್ತೂಲು, ಎರಡೂ ನಿಷೇಧಿತ ಪಟ್ಟಿಯವು. ಟಾಡಾ (ಆಗಿದ್ದ ಭಯೋತ್ಪಾದನೆ ತಡೆ ಕಾಯ್ದೆ) ಆರೋಪದಿಂದ ಅವರು ಖುಲಾಸೆಯಾದರು, ಆದರೆ ಶಸ್ತ್ರಾಸ್ತ್ರ ಕಾಯ್ದೆಯಡಿ 6 ವರ್ಷದ ಶಿಕ್ಷೆಯಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 5 ವರ್ಷಕ್ಕೆ ಇಳಿಸಿತು. ಆಗ ಕಾನೂನಿನಲ್ಲಿದ್ದ ಕನಿಷ್ಠ ಶಿಕ್ಷೆಯೇ ಅಷ್ಟು. 2019ರ ತಿದ್ದುಪಡಿ ಆದ ಮೇಲೆ ಇದು ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ.

ಪ್ರಶ್ನೆ: ನಾವು ಕೊಡವರು, ಕೋವಿಗೆ ನಮಗೆ ಲೈಸೆನ್ಸೇ ಬೇಡ. ಹಾಗಿದ್ದ ಮೇಲೆ ಈ ನಿಷೇಧ ನಮಗೂ ಅನ್ವಯವಾಗುತ್ತಾ?
— ಓದುಗರು, ವಿರಾಜಪೇಟೆ

ಆಗುತ್ತದೆ. ನಿಮಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಲೈಸೆನ್ಸ್ ಪಡೆಯುವುದರಿಂದ ಮಾತ್ರ. ನಿಷೇಧಿತ ಆಯುಧ ಇಟ್ಟುಕೊಳ್ಳಲು ಅದು ರಹದಾರಿ ಅಲ್ಲ. ಈ ವಿನಾಯಿತಿಯ ಬೇರು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಲ್ಲಿದೆ. 2019ರಲ್ಲಿ ಕೇಂದ್ರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, ಅದನ್ನು ಪ್ರಶ್ನಿಸಿ ಹೋದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ನಿಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ನಳಿಗೆಗೆ ತೋಕ್ ಪೂವು (ಕೋವಿ ಹೂವು) ಸಿಕ್ಕಿಸಿ ಪೂಜೆಗಿಡುವ ಕೋವಿಗೆ ಕಾನೂನಿನಲ್ಲಿ ಜಾಗ ಇದೆ. ಅದರ ಪಕ್ಕ ಎಕೆ ಇಟ್ಟರೆ ನಿಮಗೂ ಅದೇ 7 ವರ್ಷ.

ಪ್ರಶ್ನೆ: ನಾನು ಎಚ್-1ಬಿ ಮೇಲೆ ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ಅಂಗಡಿಯಲ್ಲೇ ಎಆರ್-15 ಮಾರುತ್ತಾರೆ. ಮಿಲಿಟರಿ ರೈಫಲ್ ಹೀಗೆ ಯಾರು ಬೇಕಾದರೂ ಕೊಳ್ಳುವುದು ಹೇಗೆ? ನಾನೂ ಕೊಳ್ಳಬಹುದಾ?
— ಓದುಗರು, ಡಲ್ಲಾಸ್

ಕೊನೆಯದಕ್ಕೆ ಮೊದಲು ಉತ್ತರ: ಬೇಡ. ನಿಮ್ಮ ಎಚ್-1ಬಿ ಥರದ ನಾನ್ ಇಮಿಗ್ರೆಂಟ್ (ಕಾಯಂ ನೆಲೆಸಲು ಅಲ್ಲದ) ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಉಂಟು, ಆದರೆ ವಕೀಲರನ್ನು ಕೇಳದೆ, ಸಹೋದ್ಯೋಗಿಯ ಮಾತು ಕೇಳಿ ಅದಕ್ಕೆ ಕೈ ಹಾಕಬೇಡಿ. ವೀಸಾ ಹೋದರೆ ಅವನೇನು ಬರ್ತಾನಾ?

ಇನ್ನು ಮಾರುವ ವಿಷಯ. ಅಂಗಡಿಯ ಎಆರ್-15 ನೋಡಲು ಸೇನೆಯ ಎಂ-16 ಥರವೇ ಇದ್ದರೂ ಸೆಮಿ ಆಟೊಮ್ಯಾಟಿಕ್. ಒಂದು ಒತ್ತಿಗೆ ಒಂದೇ ಗುಂಡು. ಆಟೊಮ್ಯಾಟಿಕ್‌ಗಳ ಮೇಲೆ ಅಲ್ಲೂ 1934ರಿಂದ ತೆರಿಗೆ, ನೋಂದಣಿ ಇದೆ, 1986ರ ನಂತರ ತಯಾರಾದವು ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ. ಗಲಾಟೆ ಇರುವುದು ನಡುವಿನ ಈ ಸೆಮಿ ಆಟೊಮ್ಯಾಟಿಕ್‌ಗಳ ಬಗ್ಗೆ. 1994ರಲ್ಲಿ ಹತ್ತು ವರ್ಷದ ಮಟ್ಟಿಗೆ ಅವನ್ನು ನಿಷೇಧಿಸಿದರು. ಕೆಲವನ್ನು ಹೆಸರು ಹಿಡಿದು ನಿಷೇಧಿಸಿದರು, ಉಳಿದವಕ್ಕೆ ಲಕ್ಷಣಗಳ ಪಟ್ಟಿ ಮಾಡಿದರು: ಬಿಚ್ಚುವ ಮ್ಯಾಗಜಿನ್ ಜೊತೆಗೆ ಮಡಚುವ ಹಿಡಿ, ಪಿಸ್ತೂಲಿನಂಥ ಹಿಡಿತ, ಬಯೊನೆಟ್ (ನಳಿಗೆ ತುದಿಯ ಚೂರಿ) ಸಿಕ್ಕಿಸುವ ಜಾಗ, ಇಂಥವುಗಳಲ್ಲಿ ಎರಡಿದ್ದರೆ ನಿಷೇಧ. ಕಂಪನಿಗಳು ಏನು ಮಾಡಿದವು? ಬಯೊನೆಟ್ಟಿನ ಕೊಂಡಿ ಕತ್ತರಿಸಿ, ಒಂದೆರಡು ಭಾಗ ಬದಲಾಯಿಸಿ, ಅದೇ ರೈಫಲ್ ಮಾರಿದವು. ಅಂಗಿ ನೋಡಿ ಆಯುಧ ಗುರುತಿಸಿದರೆ ಹೀಗೇ ಆಗೋದು. 2004ರಲ್ಲಿ ಆ ಕಾನೂನು ಅವಧಿ ಮುಗಿದು ಬಿದ್ದುಹೋಯಿತು. ಈಗ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ತಡೆ ಇದೆ, ನಿಮ್ಮ ಟೆಕ್ಸಾಸ್‌ನಲ್ಲಿ ಇಲ್ಲ.

ಹಾಗಂತ ಟ್ರಿಗರ್ ನೋಡಿ ಬರೆದ ಕಾನೂನಿನಲ್ಲಿ ಸಂದಿ ಇಲ್ಲವೆಂದಲ್ಲ. ಬಂಪ್ ಸ್ಟಾಕ್ ಎಂಬ ಹಿಡಿ ಹಾಕಿದರೆ ರೈಫಲ್ ಹಿಂದೆ ಮುಂದೆ ಜಗ್ಗಿ ಬೆರಳಿಗೆ ತಾನೇ ಬಡಿದುಕೊಳ್ಳುತ್ತದೆ, ಗುಂಡು ಮೆಷಿನ್ ಗನ್ ಹತ್ತಿರದ ವೇಗದಲ್ಲಿ ಹಾರುತ್ತದೆ. 2017ರ ಲಾಸ್ ವೇಗಸ್ ಹತ್ಯಾಕಾಂಡದ ನಂತರ ಸರ್ಕಾರ ಅದನ್ನು ಮೆಷಿನ್ ಗನ್ ಎಂದು ಕರೆದು ನಿಷೇಧಿಸಿತು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಪ್ರತಿ ಗುಂಡಿಗೂ ಟ್ರಿಗರ್ ಒಮ್ಮೆ ಕೆಲಸ ಮಾಡುತ್ತದಲ್ಲ, ಹಾಗಾಗಿ ಮೆಷಿನ್ ಗನ್ ಅಲ್ಲ ಅಂತ!

ಪ್ರಶ್ನೆ: ಜನರ ಕೈಗೆ ಹೋದ ಮೇಲೆ ನಿಷೇಧಿಸಿ ಏನು ಪ್ರಯೋಜನ? ಯಾರು ವಾಪಸ್ ಕೊಡ್ತಾರೆ?
— ಓದುಗರು, ಹುಬ್ಬಳ್ಳಿ

ದುಡ್ಡು ಕೊಟ್ಟರೆ ಕೊಡ್ತಾರೆ, ಎಲ್ಲರೂ ಅಲ್ಲ. ನ್ಯೂಜಿಲೆಂಡ್‌ನಲ್ಲಿ 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ಮಸೀದಿಗಳ ಮೇಲೆ ದಾಳಿಯಾಗಿ 51 ಜನ ಸತ್ತರು. ಅಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ ಚಿಕ್ಕ ಮ್ಯಾಗಜಿನ್ ಇದ್ದರೆ ಸಾಧಾರಣ ಲೈಸೆನ್ಸ್, ದೊಡ್ಡದಿದ್ದರೆ ಮಾತ್ರ 'ಮಿಲಿಟರಿ ಮಾದರಿ' ಎಂದು ಕಟ್ಟುನಿಟ್ಟು ಇತ್ತು. ರೈಫಲ್ ಅದೇ, ಮ್ಯಾಗಜಿನ್ ಬದಲಿಸಿದರೆ ಆಯಿತು. ಹಂತಕ ಮಾಡಿದ್ದೂ ಅದನ್ನೇ. ಮುಂದಿನ ತಿಂಗಳೇ ಕಾನೂನು ಬದಲಾಯಿತು, ಸರ್ಕಾರ ಹಣ ಕೊಟ್ಟು 50 ಸಾವಿರಕ್ಕೂ ಜಾಸ್ತಿ ಬಂದೂಕು ವಾಪಸ್ ಪಡೆಯಿತು.

ಪ್ರಶ್ನೆ: ಸೈನ್ಯದಲ್ಲಿದ್ದ ಅಜ್ಜ ತೀರಿಕೊಂಡರು. ಅವರ ಹೆಸರಲ್ಲಿ ಲೈಸೆನ್ಸ್ ಇದ್ದ .303 ರೈಫಲ್ ಬೀರುವಿನಲ್ಲಿದೆ. ಏನು ಮಾಡಲಿ?
— ಓದುಗರು, ಹಾಸನ

ಮೊದಲು ಅದನ್ನು ಬೀರುವಿನಿಂದ ಸಾಗಿಸಿ. ಲೈಸೆನ್ಸ್ ಅಜ್ಜನದು, ನಿಮ್ಮದಲ್ಲ. ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ತಡಮಾಡದೆ ಡೆಪಾಸಿಟ್ ಮಾಡಬೇಕು. ಹೊತ್ತುಕೊಂಡು ಹೋಗುವ ಮೊದಲು ಠಾಣೆಗೆ ಒಂದು ಫೋನ್ ಮಾಡಿ. ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಕೇಳಬಹುದು, 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆ. ಆದರೆ .303 ಆದ್ದರಿಂದ ಫೈಲು ದೆಹಲಿಗೆ ಹೋಗುತ್ತದೆ, ಬೇಗ ಆಗುವ ಕೆಲಸವಲ್ಲ. ಡೆಪಾಸಿಟ್ ಮಾಡುವಾಗ ರಸೀದಿ ಬಿಡಬೇಡಿ, ಅದರಲ್ಲಿ ರೈಫಲ್ ನಂಬರ್, ತೋಟಾ ಎಷ್ಟು ಅನ್ನೋದನ್ನೂ ಬರೆಸಿಕೊಳ್ಳಿ.