ದೋಟಿ ತರುವಾ ಅಂದ್ರೆ ಅಪ್ಪ ಬೇಡ ಅಂತಾರೆ, ಎಂತ ಮಾಡುದು?

ಪ್ರಶ್ನೆ: ಮೇಡಂ, ನಮ್ದು ಉಡುಪಿ ಜಿಲ್ಲೆ, ಕಾರ್ಕಳ ಹತ್ರ ಅಡಿಕೆ ತೋಟ. ಮರ ಹತ್ತುವ ಜನ ಸಿಗುದಿಲ್ಲ, ಕಳೆದ ವರ್ಷ ಮದ್ದು ಬಿಡುವಾಗ ಲೇಟಾಗಿ ಅರ್ಧ ತೋಟಕ್ಕೆ ಕೊಳೆರೋಗ ಬಂತು. ಕಾರ್ಬನ್ ಫೈಬರ್ ದೋಟಿ (ಹಗುರದ ಉದ್ದ ಕೋಲು) ತಂದ್ರೆ ನೆಲದಲ್ಲೇ ನಿಂತು ಮದ್ದು ಬಿಡ್ಬಹುದು ಅಂದೆ, ಅಪ್ಪ "ಅದೆಲ್ಲ ನಮ್ಮ ತೋಟಕ್ಕೆ ಆಗುದಿಲ್ಲ" ಅಂತ ಒಂದೇ ಮಾತು, ವೀಡಿಯೋ ತೋರ್ಸಿದ್ರೆ ನೋಡುದೂ ಇಲ್ಲ. ಒಳ್ಳೇದಕ್ಕೆ ಹೇಳಿದ್ರೂ ಯಾಕೆ ಹೀಗೆ?

ಉತ್ತರ: ಇದನ್ನು ಹಠ ಅಂತ ತಿಳ್ಕೊಳ್ಬೇಡಿ. 2012ರಲ್ಲಿ ಅಮೆರಿಕದ್ದೊಂದು ಅಧ್ಯಯನ ಬಂತು, ಮುಂದೆ ಎಂತ ಆಗ್ತದೋ ಅನ್ನುವ ಸ್ಥಿತಿಯಲ್ಲಿದ್ದವರು ಬಾಯಲ್ಲಿ ಹೊಸ ಐಡಿಯಾ ಒಳ್ಳೇದು ಅಂತಲೇ ಹೇಳಿದ್ರು, ಆದ್ರೆ ಕಂಪ್ಯೂಟರಿನಲ್ಲಿ ಪದ ಜೋಡಿಸುವ ಪರೀಕ್ಷೆ ಕೊಟ್ಟಾಗ ಅವರ ಮನಸ್ಸು ಹೊಸತನವನ್ನು ವಿಷ, ವಾಂತಿ ಇಂಥ ಪದಗಳ ಪಕ್ಕಕ್ಕೆ ತಳ್ತಿತ್ತು. ಅಡಿಕೆಯವರಿಗೆ ಮಳೆ, ರೇಟು, ಜನ ಯಾವುದೂ ಕೈಯಲ್ಲಿಲ್ಲ, ಅದರ ಮೇಲೆ ಗೊತ್ತಿಲ್ಲದ್ದು ಇನ್ನೊಂದು ತಂದಿಟ್ರೆ ಬೇಡ ಅನ್ನುದೇ ಸುಲಭ.

ಇದರೊಳಗೆ ಇನ್ನೊಂದು ಉಂಟು, ನಂಗೆ ಅದೇ ಮುಖ್ಯ ಅನ್ಸುದು. ಬುಡದಲ್ಲಿ ನಿಂತು ತಲೆ ಎತ್ತಿದ್ರೆ ಯಾವ ಅಡಿಕೆ ಗೊನೆಗೆ ಮದ್ದು ಸರಿ ಬೀಳ್ಲಿಲ್ಲ ಅಂತ ನಿಮ್ಮ ಅಪ್ಪ ಹೇಳ್ತಾರೆ, ಮರದಲ್ಲಿರುವವರು ಅವರ ಮಾತು ಕೇಳ್ತಾರೆ. ದೋಟಿ ಬಂದ ಮೇಲೆ ಆ ಕಣ್ಣಿಗೆ ಬೆಲೆ ಉಂಟಾ ಇಲ್ವಾ, ಅದು ಅವರಿಗೆ ಗೊತ್ತಿಲ್ಲ, ನೀವು ಹೇಳಿದ್ದೂ ಇಲ್ಲ.

ವೀಡಿಯೋ ಬಿಡಿ. ಬೋರ್ಡೋ ನಿಮ್ಮ ತೋಟಕ್ಕೆ ಹೇಗೆ ಬಂತು ಅಂತ ಅಪ್ಪನ ಹತ್ರ ಕೇಳಿ. ಮೈಲುತುತ್ತು ಸುಣ್ಣದ ಆ ಮದ್ದು ಫ್ರಾನ್ಸಿನ ದ್ರಾಕ್ಷಿ ತೋಟದ್ದು, ಅಡಿಕೆ ಕೊಳೆಗೂ ಆಗ್ತದೆ ಅಂತ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅನ್ನುವ ಕೃಷಿ ವಿಜ್ಞಾನಿ ತೋರ್ಸಿದ್ದು 1910ರ ಆಸುಪಾಸು, ಅಂದ್ರೆ ಅದೂ ಒಂದು ಕಾಲಕ್ಕೆ ಹೊಸತೇ. ವಾದ ಗೆಲ್ಲಲಿಕ್ಕೆ ಮಾತ್ರ ಇದನ್ನು ಹೇಳ್ಬೇಡಿ, ಹಳೇ ಕಥೆ ಅವರ ಬಾಯಲ್ಲೇ ಬರ್ಲಿ.

1948ರಲ್ಲಿ ಪ್ರಕಟವಾದ ಪೈಜಾಮ ಫ್ಯಾಕ್ಟರಿಯೊಂದರ ಅಧ್ಯಯನ ಉಂಟು, ಕೆಲಸದ ಕ್ರಮ ಬದಲಾಯಿಸುವಾಗ ಬರೀ ಆರ್ಡರ್ ಸಿಕ್ಕಿದ ಗುಂಪಿನಲ್ಲಿ ಕೆಲಸ ಕುಸಿದು ಕೆಲವರು ಬಿಟ್ಟೇ ಹೋದ್ರು, ಜೊತೆಗೆ ಕೂರಿಸಿ ಮಾತಾಡಿದ ಗುಂಪಿನವರು ಬೇಗ ಕಲಿತ್ರು. ನೀವೂ ಖರೀದಿ ಮಾಡುವ ಮೊದಲು ದೋಟಿ ಇರುವ ತೋಟಕ್ಕೆ ಅಪ್ಪನನ್ನು ಕರ್ಕೊಂಡು ಹೋಗಿ, ಆಮೇಲೆ ಒಂದು ದಿನಕ್ಕೆ ಕೇಳಿ ತಂದು 20 ಮರಕ್ಕೆ ಮಾತ್ರ ಮದ್ದು ಬಿಡಿ, ಯಾವ ಸಾಲು ಅಂತ ಅವರೇ ಹೇಳ್ಲಿ. ಕುತ್ತಿಗೆ ನೋವಾಗ್ತದೆ, ಗಾಳಿಗೆ ದೋಟಿ ಓಲಾಡ್ತದೆ, ಎತ್ತರದ ಮರದಲ್ಲಿ ಗುರಿ ತಪ್ತದೆ, ಅವರು ಹೇಳುವ ಕಂಪ್ಲೇಂಟ್ ಹೆಚ್ಚಿನದ್ದು ನಿಜವೇ ಇರ್ತದೆ, ಬರ್ದಿಟ್ಕೊಳ್ಳಿ. ಮತ್ತೆ ಇಷ್ಟು ವರ್ಷ ನಿಮ್ಮ ಮರ ಹತ್ತಿದವರನ್ನೂ ಆ ದಿನ ಕರೀರಿ, ದೋಟಿ ಹಿಡೀಲಿಕ್ಕೆ ಅಷ್ಟು ಕಣ್ಣಳತೆ ಇರುವವರು ಬೇರೆ ಸಿಗುದಿಲ್ಲ, ಸಂಬಳದ ವಿಷಯ ಮೊದಲೇ ಮಾತಾಡಿ.