ಹೆಸರು ಹಾಕದೆ ಬರೆಯಬಹುದಾ?

ಪ್ರಶ್ನೆ: ಓದುವ ದಿನಗಳಲ್ಲಿ ಪರಿಚಯದವನೊಬ್ಬ ನನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ. ಮನೆಯಲ್ಲಿ ಹೇಳಿಲ್ಲ. ಈಗ ಫೇಸ್‌ಬುಕ್‌ಗೆ ಹಾಕೋಣ ಅಂತ ಬರೆದು ಮೊಬೈಲ್‌ನಲ್ಲೇ ಇಟ್ಟುಕೊಂಡಿದ್ದೇನೆ. 'ಹೆಸರು ಹಾಕದಿದ್ದರೆ ಯಾರೂ ನಂಬಲ್ಲ' ಅಂತಾಳೆ ಗೆಳತಿ. ಏನು ಮಾಡಲಿ?

ಉತ್ತರ: ಗೆಳತಿಯ ಮಾತನ್ನು ನಾನು ಒಪ್ಪಲ್ಲ. ಅಮೆರಿಕದ ಹೋರಾಟಗಾರ್ತಿ ಟರಾನಾ ಬರ್ಕ್ 2006ರಲ್ಲಿ 'ಮೀ ಟೂ' (ನನಗೂ ಆಗಿದೆ) ಅನ್ನತೊಡಗಿದ್ದು, ನೊಂದವರಿಗೆ ತಾವು ಒಂಟಿಯಲ್ಲ ಅಂತ ಗೊತ್ತಾಗಲಿ ಎಂದು. 2017ರ ಅಕ್ಟೋಬರ್‌ನಲ್ಲಿ ಅದು ಹ್ಯಾಷ್‌ಟ್ಯಾಗ್ ಆಗಿ ಹರಡಿದಾಗಲೂ ಎಷ್ಟೋ ಜನ ಹಾಕಿದ್ದು ಆ ಎರಡೇ ಪದ. ಯಾರು, ಎಲ್ಲಿ, ಯಾವಾಗ, ಏನೂ ಇಲ್ಲ. ಅದೂ ಹೇಳಿದ ಹಾಗೇ ಅಲ್ವಾ?

ಹೆಸರು ಹಾಕಲೇಬೇಕು ಅನ್ನಿಸಿದರೆ ಮೊದಲು ವಕೀಲರನ್ನು ಕೇಳಿ. ಮಾನನಷ್ಟದ ಕೇಸು ಬರಬಹುದು. ಅವನ ಹಳೆಯ ಮೆಸೇಜ್‌ಗಳಿದ್ದರೆ ತಾರೀಖು ಕಾಣುವಂತೆ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ.

'ಆಗಲೇ ಯಾಕೆ ಹೇಳಲಿಲ್ಲ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. 2018ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಇದೇ ಧಾಟಿಯಲ್ಲಿ ಟ್ವೀಟ್ ಮಾಡಿದಾಗ, ತಾವು ದೂರು ಕೊಡದಿದ್ದದ್ದು ಯಾಕೆ ಅಂತ ಸಾವಿರಾರು ಜನ ಬರೆದರು. ನೀವು ಬರೆಯಲೇಬೇಕು ಅಂತೇನಿಲ್ಲ. ಕೇಳಿದವರು ಅದನ್ನೇ ಹುಡುಕಿ ಓದಿಕೊಳ್ಳಲಿ.

ನನಗೆ ಜಾಸ್ತಿ ಚಿಂತೆ ನಿಮ್ಮ ಇನ್‌ಬಾಕ್ಸ್‌ದು. ಬೈಗುಳಕ್ಕೆ ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ. ಆದರೆ ನಡುರಾತ್ರಿ ಬರುವ ಉದ್ದುದ್ದ ಮೆಸೇಜ್‌ಗಳೇ ಬೇರೆ: 'ನನಗೂ ಹೀಗೇ ಆಗಿತ್ತು. ನಿಮಗೇ ಮೊದಲು ಹೇಳ್ತಿರೋದು.' ಹಿಂದೆ ಒಂದು ಲೈಕ್ ಕೂಡ ಒತ್ತದವರು ಬರೆಯುತ್ತಾರೆ. ಓದಿದರೆ ನಿಮ್ಮ ಗಾಯವನ್ನೇ ಕೆದಕಿದಂತೆ. ಉತ್ತರಿಸದಿದ್ದರೆ ಕೈಬಿಟ್ಟೆನಲ್ಲಾ ಅನ್ನೋ ಸಂಕಟ. ಪತ್ರ ಓದೋದೇ ನನ್ನ ಕೆಲಸ. ಆದರೂ ಇಂಥವನ್ನು ಸಾಲಾಗಿ ಓದಲು ನನ್ನಿಂದ ಆಗಲ್ಲ. ಅದಕ್ಕೇ ಮೊದಲೇ ಎರಡು ಸಾಲು ಬರೆದಿಟ್ಟುಕೊಳ್ಳಿ: 'ನಿಮ್ಮನ್ನು ನಂಬುತ್ತೇನೆ. ಜಾಸ್ತಿ ಮಾತಾಡುವ ಶಕ್ತಿ ಈಗ ನನಗಿಲ್ಲ.' ಅಷ್ಟು ಕಳಿಸಿದರೆ ಸಾಕು. ಅಷ್ಟೂ ಆಗದಿದ್ದರೆ ಸುಮ್ನೆ ಬಿಡಿ.

ಪೋಸ್ಟ್ ಹಾಕಿದ ದಿನ ಫೋನ್ ನಂಬಿಕೆಯವರೊಬ್ಬರ ಕೈಯಲ್ಲಿರಲಿ. ಕೆಟ್ಟ ಕಮೆಂಟ್‌ಗಳನ್ನು ಅವರೇ ಅಳಿಸಲಿ. ಇನ್ಯಾರೋ ಶೇರ್ ಮಾಡಿದ್ದನ್ನು ನೋಡಿ ಅಮ್ಮನಿಗೆ ಗೊತ್ತಾಗೋದು ಬೇಡ ಅಂದರೆ, ಮುಂಚೆ ನೀವೇ ಹೇಳಿಬಿಡಿ.

ಆಮೇಲೆ ಬೇಡ ಅನ್ನಿಸಿದರೆ ಡಿಲೀಟ್ ಮಾಡಿ. ಅದರಿಂದ ನೀವು ಬರೆದದ್ದು ಸುಳ್ಳಾಗಲ್ಲ. ಆದರೆ ಅಷ್ಟರಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿರಬಹುದು. ಅದಕ್ಕೇ, ಗುರುತಿಲ್ಲದವರ ಮೊಬೈಲ್‌ನಲ್ಲೂ ಇದು ಉಳಿಯುತ್ತೆ ಅಂದುಕೊಂಡು ಬರೆದದ್ದನ್ನು ಇನ್ನೊಮ್ಮೆ ಓದಿ. ಬೇಡ ಅನ್ನಿಸಿದ ಸಾಲು ಈಗಲೇ ತೆಗೆಯಿರಿ.